ಹಳೆ ಮ್ಯಾನ್ಯುಯಲ್ ಲೆನ್ಸಿಗೆ ಯಾವ ಡಿಎಸ್‌ಎಲ್‌ಆರ್? ನಿಕಾನ್, ಕ್ಯಾನನ್, ಪೆಂಟ್ಯಾಕ್ಸ್ ಹೋಲಿಕೆ

ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಹಳೆಯ ಸ್ಟುಡಿಯೊಗಳ ಗಾಜಿನ ಬೀರುವಿನಲ್ಲಿ, ತೋಟದ ಮನೆಗಳ ಅಟ್ಟದ ಟ್ರಂಕಿನಲ್ಲಿ ಉಳಿದುಕೊಂಡಿರುವ ಲೆನ್ಸುಗಳು ಹೆಚ್ಚುಕಡಿಮೆ ಇವೇ: ಯಾಷಿಕಾ ಎಫ್‌ಎಕ್ಸ್-3 ಜೊತೆ ಬಂದ 50 ಎಂಎಂ, ಜೆನಿಟ್ ಜೊತೆ ಬಂದ ಹೀಲಿಯೋಸ್ 58 ಎಂಎಂ, ಪೆಂಟ್ಯಾಕ್ಸ್ ಕೆ1000ದ 50 ಎಂಎಂ, ನಿಕಾನ್ ಎಫ್‌ಎಂ10ರ 35-70 ಜೂಮ್, ಅಪರೂಪಕ್ಕೆ ಒಂದು 135 ಎಂಎಂ. ಗಾಜು ಚೆನ್ನಾಗಿದ್ದರೆ ಇವುಗಳಲ್ಲಿ ಯಾವುದನ್ನೂ ಮೂಲೆಗೆ ಹಾಕಬೇಕಿಲ್ಲ. ಆದರೆ ಹೆಚ್ಚಿನವರು ಮೊದಲು ಕ್ಯಾಮೆರಾ ಬಾಡಿ ಕೊಂಡು, ಆಮೇಲೆ ಈ ಲೆನ್ಸ್ ಕೂರುತ್ತದೆಯೇ ಎಂದು ಕೇಳುತ್ತಾರೆ. ಕೇಳಬೇಕಾದ ಕ್ರಮ ಇದಕ್ಕೆ ತದ್ವಿರುದ್ಧ. ಕೈಯಲ್ಲಿರುವ ಲೆನ್ಸಿನ ಮೌಂಟ್, ಅಂದರೆ ಅದು ಬಾಡಿಗೆ ಕೂರುವ ಹಿಂಬದಿಯ ಜೋಡಣೆ, ಯಾವುದು ಎಂದು ಗೊತ್ತಾದರೆ ಯಾವ ಬಾಡಿ ಎಂಬ ಪ್ರಶ್ನೆ ಮುಕ್ಕಾಲು ಪಾಲು ಅಲ್ಲೇ ಬಗೆಹರಿಯುತ್ತದೆ.

ಮೌಂಟ್ ಗುರುತಿಸುವುದು ಕಷ್ಟವಲ್ಲ. ಲೆನ್ಸಿನ ಹಿಂಬದಿಯಲ್ಲಿ ಬಾಟಲಿ ಮುಚ್ಚಳದಂತೆ ತಿರುಪು ಇದ್ದರೆ ಅದು ಬಹುಮಟ್ಟಿಗೆ ಎಂ42. 42 ಮಿಲಿಮೀಟರ್ ಅಗಲದ ತಿರುಪು, ಹೀಲಿಯೋಸಿನದು ಇದೇ. ಮೂರು ಹಲ್ಲಿನ ಬಯೋನೆಟ್ ಇದ್ದರೆ ಮುಂಭಾಗದ ಉಂಗುರದ ಮೇಲಿನ ಹೆಸರು ಓದಿ. ನಿಕ್ಕೋರ್ ಎಂದಿದ್ದರೆ ನಿಕಾನ್ ಎಫ್. ಎಸ್‌ಎಂಸಿ ಪೆಂಟ್ಯಾಕ್ಸ್-ಎಂ ಅಥವಾ ಪೆಂಟ್ಯಾಕ್ಸ್-ಎ ಎಂದಿದ್ದರೆ ಪೆಂಟ್ಯಾಕ್ಸ್ ಕೆ. ಯಾಷಿಕಾ ಎಂಎಲ್ ಎಂದಿದ್ದರೆ ಕಾಂಟ್ಯಾಕ್ಸ್-ಯಾಷಿಕಾ ಮೌಂಟ್. ವಿವಿಟಾರ್‌ನಂಥ ಬೇರೆ ಕಂಪನಿಗಳ ಲೆನ್ಸುಗಳು ಎಲ್ಲ ಮೌಂಟಿನಲ್ಲೂ ಬಂದಿವೆ. ಅಲ್ಲಿ ಹೆಸರನ್ನು ನಂಬಬೇಡಿ, ಅದು ಇಷ್ಟು ದಿನ ಯಾವ ಫಿಲ್ಮ್ ಕ್ಯಾಮೆರಾದಲ್ಲಿ ಇತ್ತು ಎಂದು ನೋಡಿ.

ಒಂದು ಮಿಲಿಮೀಟರಿನ ಲೆಕ್ಕ

ಲೆನ್ಸ್ ಕೂರುವ ಲೋಹದ ಉಂಗುರದಿಂದ ಸೆನ್ಸರಿನವರೆಗಿನ ದೂರ ಪ್ರತಿ ಕಂಪನಿಯಲ್ಲೂ ಬೇರೆ. ನಿಕಾನ್ ಎಫ್ 46.5 ಮಿ.ಮೀ., ಒಲಿಂಪಸ್ ಓಎಂ 46, ಕಾಂಟ್ಯಾಕ್ಸ್-ಯಾಷಿಕಾ 45.5, ಪೆಂಟ್ಯಾಕ್ಸ್ ಕೆ ಮತ್ತು ಎಂ42 ಎರಡೂ 45.46, ಕ್ಯಾನನ್ ಇಒಎಸ್ 44, ಮಿನೋಲ್ಟಾ ಎಂಡಿ 43.5, ಹಳೆಯ ಕ್ಯಾನನ್ ಎಫ್‌ಡಿ 42. ಲೆನ್ಸಿಗೆ ಬೇಕಾದ ದೂರ ಬಾಡಿಯ ದೂರಕ್ಕಿಂತ ಹೆಚ್ಚಿದ್ದರೆ ಉಳಿಕೆಯನ್ನು ಅಡಾಪ್ಟರಿನ ದಪ್ಪ ತುಂಬುತ್ತದೆ, ಎಲ್ಲವೂ ಸರಿಹೋಗುತ್ತದೆ. ಕಡಿಮೆಯಿದ್ದರೆ ಲೆನ್ಸ್ ಬೇಕಾದ್ದಕ್ಕಿಂತ ಮುಂದೆ ಕೂರುತ್ತದೆ, ದೂರದ ವಸ್ತು ಎಂದೂ ಸ್ಪಷ್ಟವಾಗುವುದಿಲ್ಲ.

ಎಷ್ಟು ಹಾಳಾಗುತ್ತದೆ ಎಂದು ಅಳೆಯಬಹುದು. ಫೋಕಲ್ ಉದ್ದವನ್ನು (ಲೆನ್ಸಿನ ಮೇಲೆ ಬರೆದ ಎಂಎಂ ಅಂಕಿ) ಅದರಿಂದಲೇ ಗುಣಿಸಿ, ಹೆಚ್ಚಾದ ದಪ್ಪದಿಂದ ಭಾಗಿಸಿದರೆ ಲೆನ್ಸ್ ಫೋಕಸ್ ಮಾಡಬಲ್ಲ ಅತಿ ದೂರ ಸುಮಾರಾಗಿ ಸಿಗುತ್ತದೆ. 58 ಎಂಎಂ ಹೀಲಿಯೋಸನ್ನು ನಿಕಾನ್ ಬಾಡಿಗೆ ಹಾಕಿದರೆ ಕೊರತೆ 1.04 ಮಿ.ಮೀ. 58ನ್ನು 58ರಿಂದ ಗುಣಿಸಿದರೆ 3364, ಅದನ್ನು 1.04ರಿಂದ ಭಾಗಿಸಿದರೆ 3235 ಮಿ.ಮೀ. ಅಂದರೆ ಮೂರೂಕಾಲು ಮೀಟರ್ ಆಚೆಗೆ ಏನೂ ಸ್ಪಷ್ಟವಿಲ್ಲ. ಎದುರು ಕುಳಿತವರ ಮುಖ ತೆಗೆಯಬಹುದು, ಮುಳ್ಳಯ್ಯನಗಿರಿಯ ಸಾಲು ಬೆಟ್ಟ ತೆಗೆಯಲಾಗದು. ಇದೇ ಲೆಕ್ಕ ಅಗ್ಗದ ಅಡಾಪ್ಟರಿಗೂ ಅನ್ವಯಿಸುತ್ತದೆ. ಅದು ಬರೀ 0.1 ಮಿ.ಮೀ. ದಪ್ಪವಾಗಿದ್ದರೂ 50 ಎಂಎಂ ಲೆನ್ಸು 25 ಮೀಟರಿಗೇ ನಿಂತುಬಿಡುತ್ತದೆ. ಹಾಗಾಗಿ ಅಡಾಪ್ಟರ್ ಕೊಂಡ ದಿನವೇ ದೂರದ ಮೊಬೈಲ್ ಟವರಿಗೋ ಗುಡ್ಡದ ಅಂಚಿನ ಮರಕ್ಕೋ ಫೋಕಸ್ ಮಾಡಿ ನೋಡಿ. ರಿಂಗ್ ಕೊನೆಗೆ ತಾಗುವ ಮುಂಚೆ ಅಥವಾ ತಾಗುವಾಗ ಚಿತ್ರ ಚೂಪಾಗಬೇಕು. ಕೊನೆ ಮುಟ್ಟಿದ ಮೇಲೂ ಮಸುಕಾಗಿದ್ದರೆ ಅಡಾಪ್ಟರ್ ವಾಪಸ್ ಕೊಡಿ.

ಕೊರತೆ ತುಂಬಲು ಒಳಗೆ ಗಾಜಿರುವ ಅಡಾಪ್ಟರುಗಳೂ ಇವೆ. ಇನ್ಫಿನಿಟಿ, ಅಂದರೆ ಅತಿ ದೂರದ ಫೋಕಸ್, ಬರುತ್ತದೆ ನಿಜ, ಆದರೆ ಒಳ್ಳೆಯ ಲೆನ್ಸಿನ ಹಿಂದೆ ಕಳಪೆ ಗಾಜು ಸೇರಿ ಚಿತ್ರ ಮಂಕಾಗುತ್ತದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದಾಗಲಂತೂ ಎದ್ದು ಕಾಣುತ್ತದೆ. ನಮ್ಮ ಸಲಹೆ, ಅದರ ತಂಟೆಗೆ ಹೋಗಬೇಡಿ.

ಕೈಯಲ್ಲಿರುವುದು ಕ್ಯಾನನ್ ಎಫ್‌ಡಿ ಅಥವಾ ಮಿನೋಲ್ಟಾ ಎಂಡಿ ಲೆನ್ಸಾಗಿದ್ದರೆ ಈ ಮೂರು ಕಂಪನಿಗಳ ಡಿಎಸ್‌ಎಲ್‌ಆರ್‌ಗಳಲ್ಲಿ ಯಾವುದೂ ನಿಮಗೆ ಒಗ್ಗುವುದಿಲ್ಲ. ಕ್ಯಾನನ್ 1987ರಲ್ಲಿ ಇಒಎಸ್ ತಂದಾಗ ತನ್ನದೇ ಎಫ್‌ಡಿ ಮೌಂಟನ್ನು ಕೈಬಿಟ್ಟಿತು. ಹಾಗಾಗಿ ಕ್ಯಾನನ್ ಲೆನ್ಸು ಕ್ಯಾನನ್ ಬಾಡಿಗೆ ಕೂತೇ ಕೂರುತ್ತದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಇಂಥವರು ಕನ್ನಡಿಯಿಲ್ಲದ ಮಿರರ್‌ಲೆಸ್ ಬಾಡಿ ನೋಡುವುದೇ ಸರಿ. ಸೋನಿ ಇ ಮೌಂಟಿನಲ್ಲಿ ಆ ದೂರ 18 ಮಿ.ಮೀ. ಮಾತ್ರ, ಯಾವ ಹಳೆ ಎಸ್‌ಎಲ್‌ಆರ್ ಲೆನ್ಸಿಗೂ ಜಾಗವಿದೆ.

ನಿಕಾನ್: ನಿಕ್ಕೋರ್ ಇದ್ದವರಿಗೆ ಮಾತ್ರ, ಅದೂ ಬಾಡಿ ನೋಡಿಕೊಂಡು

ನಿಕಾನ್ ಎಫ್ ಮೌಂಟ್ 1959ರಿಂದ ಬದಲಾಗಿಲ್ಲ ಎಂಬುದನ್ನು ಕೇಳಿ, ಯಾವ ನಿಕಾನ್ ಆದರೂ ಆದೀತು ಎಂದು ಡಿ3200, ಡಿ5200 ಸರಣಿಯ ಬಾಡಿ ಕೊಳ್ಳುವವರೇ ಹೆಚ್ಚು. ಲೆನ್ಸ್ ಕೂರುತ್ತದೆ, ಆದರೆ ಬೆಳಕು ಅಳೆಯುವ ಮೀಟರ್ ಸತ್ತಂತೆ. ಎಂ (ಮ್ಯಾನ್ಯುಯಲ್) ಮೋಡ್ ಬಿಟ್ಟು ಬೇರೆಯದರಲ್ಲಿ ಷಟರ್ ಬಿಡುವುದೇ ಇಲ್ಲ, ಎಂ ಮೋಡಿನಲ್ಲೂ ಬೆಳಕಿನ ಅಳತೆ ತೋರಿಸುವುದಿಲ್ಲ. ಪ್ರತಿ ಸಲ ಅಂದಾಜಿನ ಮೇಲೆ ಒಂದು ತೆಗೆದು, ಹಿಸ್ಟೊಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ತಿದ್ದಬೇಕು. ಡಿ90, ಡಿ80ರ ಕಥೆಯೂ ಇದೇ. 2017ರ ಡಿ7500ರಲ್ಲೂ ಹಳೆ ಲೆನ್ಸಿಗೆ ಮೀಟರ್ ನಡೆಯುವ ಅನುಕೂಲವನ್ನು ತೆಗೆದುಹಾಕಿದ್ದಾರೆ. ಡಿ7200ಕ್ಕಿಂತ ಹೊಸದು ಎಂಬ ಕಾರಣಕ್ಕೆ ಅದನ್ನು ಆರಿಸಿ ಕೆಡಬೇಡಿ.

ಬೇಕಾದ್ದು ಬಾಡಿಯ ಮೌಂಟಿನ ಸುತ್ತ ಇರುವ ತಿರುಗುವ ಉಂಗುರ ಮತ್ತು ಅದರ ಮೇಲಿನ ಚಿಕ್ಕ ಕಿವಿ. ಇದಕ್ಕೆ ಎಐ ಟ್ಯಾಬ್ ಎನ್ನುತ್ತಾರೆ. ಲೆನ್ಸಿನ ಅಪರ್ಚರ್ ರಿಂಗ್ ತಿರುಗಿದಂತೆ ಈ ಕಿವಿಯೂ ಸರಿದು, ಎಷ್ಟಕ್ಕೆ ಇಟ್ಟಿದ್ದೀರಿ ಎಂದು ಬಾಡಿಗೆ ತಿಳಿಸುತ್ತದೆ. ಡಿ200, ಡಿ300, ಡಿ700, ಡಿ7000, ಡಿ7100, ಡಿ7200, ಡಿ610, ಡಿ750, ಡಿ810 ಇವುಗಳಲ್ಲಿ ಅದು ಇದೆ. ಇಂಥ ಬಾಡಿಯಲ್ಲಿ ಈ ಕಿವಿಗೆ ಹೊಂದುವ ಎಐ ಲೆನ್ಸ್ ಬಳಸುವ ಸುಖವೇ ಬೇರೆ. ಸೆಟಪ್ ಮೆನುವಿನಲ್ಲಿ ನಾನ್-ಸಿಪಿಯು ಲೆನ್ಸ್ ಡೇಟಾ ತೆರೆದು, ಫೋಕಲ್ ಉದ್ದ 50, ಗರಿಷ್ಠ ಅಪರ್ಚರ್ 1.8 ಎಂದು ತುಂಬಿ ಡನ್ ಒತ್ತಿ. ಡಿ300, ಡಿ7000ದಂಥ ಬಾಡಿಗಳಲ್ಲಿ ಹೀಗೆ 9 ಲೆನ್ಸುಗಳ ವಿವರ ಉಳಿಸಿಡಬಹುದು. ಆಮೇಲೆ ಎ ಮೋಡಿನಲ್ಲಿ (ಅಪರ್ಚರ್ ನೀವಿಟ್ಟರೆ ಷಟರ್ ವೇಗವನ್ನು ಬಾಡಿಯೇ ಆರಿಸುವ ಮೋಡ್) ಮೀಟರ್ ಸಹಜವಾಗಿ ಕೆಲಸ ಮಾಡುತ್ತದೆ. ವ್ಯೂಫೈಂಡರ್ ಪೂರ್ತಿ ಬೆಳಕಿನಲ್ಲೇ ಇರುತ್ತದೆ, ಗುಂಡಿ ಒತ್ತಿದ ಕ್ಷಣಕ್ಕೆ ಮಾತ್ರ ಅಪರ್ಚರ್ ಮುಚ್ಚಿಕೊಳ್ಳುತ್ತದೆ. ಲೆನ್ಸ್ ಬದಲಿಸಿದಾಗ ಮೆನುವಿನಲ್ಲೂ ಬದಲಿಸಲು ಮರೆತರೆ ತೋರಿಸುವ ಅಪರ್ಚರ್ ಅಂಕಿ ತಪ್ಪುತ್ತದೆ. ಫೋಕಸ್ ಸರಿಯಾದಾಗ ಮೂಲೆಯಲ್ಲಿ ಹಸಿರು ಚುಕ್ಕೆ ಬೆಳಗುತ್ತದೆ, ಲೆನ್ಸ್ ಎಫ್/5.6 ಅಥವಾ ಅದಕ್ಕಿಂತ ವೇಗದ್ದಾಗಿದ್ದರೆ (ಹೆಚ್ಚು ಬೆಳಕು ಬಿಡುವಂಥದ್ದಾದರೆ) ಸಾಕು.

ಒಂದು ಎಚ್ಚರಿಕೆ ಇಲ್ಲಿ ತಪ್ಪಿಸುವಂತಿಲ್ಲ. 1977ಕ್ಕಿಂತ ಹಿಂದಿನ, ಎಐ ಆಗಿರದ ನಿಕ್ಕೋರ್ ಲೆನ್ಸನ್ನು ಎಐ ಟ್ಯಾಬ್ ಇರುವ ಬಾಡಿಗೆ ತಿರುಗಿಸಿದರೆ ಅಪರ್ಚರ್ ರಿಂಗಿನ ಅಂಚು ಆ ಕಿವಿಯ ಮೇಲೆ ಕೂತು ಅದನ್ನು ಮುರಿಯಬಹುದು. ಗುರುತು ಹೀಗೆ: ಎಐ ಲೆನ್ಸಿನ ಅಪರ್ಚರ್ ರಿಂಗಿನ ಮೇಲೆ ಅಂಕಿಗಳ ಎರಡು ಸಾಲು, ಅದರಲ್ಲಿ ಮೌಂಟಿಗೆ ಹತ್ತಿರದ್ದು ತೀರ ಚಿಕ್ಕ ಅಂಕಿ. ಹಿಂದಿನ ಅಂಚನ್ನು ಒಂದು ಕಡೆ ಕೊರೆದು ತಗ್ಗಿಸಿರುತ್ತಾರೆ. ಅಂಕಿಗಳ ಸಾಲು ಒಂದೇ ಇದ್ದು ಅಂಚು ಸುತ್ತಲೂ ಸಮವಾಗಿದ್ದರೆ ಅದು ಹಳೆಯದು, ಕೂರಿಸಬೇಡಿ. ಎಐ-ಎಸ್ ಆದರೆ ಅತಿ ಚಿಕ್ಕ ಅಪರ್ಚರಿನ ಅಂಕಿ, 16 ಅಥವಾ 22, ಕಿತ್ತಳೆ ಬಣ್ಣದಲ್ಲಿರುತ್ತದೆ. ಎಐ ಆಗಿರದ ಲೆನ್ಸಿಗಾಗಿಯೇ ಟ್ಯಾಬನ್ನು ಮೇಲಕ್ಕೆ ಮಡಚುವಂತೆ ಮಾಡಿದ ಬಾಡಿ 2013ರ ಡಿಎಫ್. ಅದು ಎಲ್ಲರ ಕೈಗೆಟುಕುವ ಬೆಲೆಯದಲ್ಲ.

ನಿಕ್ಕೋರ್ ಬಿಟ್ಟು ಬೇರೆ ಮೌಂಟ್ ಇದ್ದವರು ನಿಕಾನ್ ಬಾಡಿಯನ್ನು ಮರೆತುಬಿಡಿ. 46.5 ಎಂಬುದು ಮೇಲಿನ ಪಟ್ಟಿಯಲ್ಲೇ ದೊಡ್ಡದು. ಬೇರೆ ಕಂಪನಿಯ ಲೆನ್ಸಿಗೆ ಅಡಾಪ್ಟರ್ ಹಾಕಲು ಜಾಗವೇ ಉಳಿದಿಲ್ಲ.

ಕ್ಯಾನನ್: ನಾಲ್ಕು ಕಂಪನಿಯ ಲೆನ್ಸು ಒಟ್ಟಿಗೆ ಇದ್ದವರಿಗೆ

44 ಮಿ.ಮೀ. ಇರುವುದರಿಂದ ಇಒಎಸ್ ಬಾಡಿ ನಿಕಾನ್, ಯಾಷಿಕಾ, ಪೆಂಟ್ಯಾಕ್ಸ್, ಓಎಂ, ಎಂ42 ಎಲ್ಲವನ್ನೂ ಗಾಜಿಲ್ಲದ ಅಡಾಪ್ಟರಿನಲ್ಲೇ ಒಪ್ಪಿಕೊಳ್ಳುತ್ತದೆ. ನಿಕಾನ್ ಲೆನ್ಸಿನ ಅಡಾಪ್ಟರ್ 2.5 ಮಿ.ಮೀ. ದಪ್ಪ, ಯಾಷಿಕಾದ್ದು 1.5, ಎಂ42ರದ್ದು 1.46. ಯಾವ ಇಒಎಸ್ ಬಾಡಿ ಆದರೂ ಎವಿ ಮೋಡಿನಲ್ಲಿ (ನಿಕಾನಿನ ಎ ಮೋಡ್ ಇದ್ದಂತೆ) ಮೀಟರ್ ಕೆಲಸ ಮಾಡುತ್ತದೆ. ನಿಕಾನಿನಂತೆ ಬಾಡಿ ಆರಿಸಿ ತಲೆಕೆಡಿಸಿಕೊಳ್ಳಬೇಕಿಲ್ಲ. ಅಪರ್ಚರ್ ಜಾಗದಲ್ಲಿ 00 ಎಂದು ತೋರಿಸುತ್ತದೆ, ಅದು ದೋಷವಲ್ಲ.

ಇದರ ಕೊರತೆ, ಅಪರ್ಚರನ್ನು ನೀವೇ ಮುಚ್ಚಬೇಕು. ಎಫ್/8ಕ್ಕೆ ಇಟ್ಟರೆ ವ್ಯೂಫೈಂಡರ್ ಆಗಲೇ ಕತ್ತಲಾಗುತ್ತದೆ. ಕೆಲಸದ ಕ್ರಮ ಹೀಗೆ: ರಿಂಗನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಕಟಕ್ ಕಟಕ್ ಎಂದು ಕ್ಲಿಕ್ ಎಣಿಸುತ್ತ ಮುಚ್ಚಿ, ತೆಗೆಯಿರಿ. ನಾಲ್ಕು ದಿನದಲ್ಲಿ ಬೆರಳು ಕಲಿತುಬಿಡುತ್ತದೆ. ನಿಂತ ಶಿಲ್ಪಕ್ಕೆ, ಬೆಟ್ಟಕ್ಕೆ ಇದು ತೊಂದರೆಯೇ ಅಲ್ಲ. ಓಡಾಡುವ ಮಗುವಿಗೆ, ಜಾತ್ರೆಯ ಜನಕ್ಕೆ ಕಷ್ಟ. ಇನ್ನೊಂದು, ಅಪರ್ಚರ್ ಮುಚ್ಚುತ್ತ ಹೋದಂತೆ ಮೀಟರ್ ಒಂದಿಷ್ಟು ದಾರಿ ತಪ್ಪುತ್ತದೆ. ಎಷ್ಟು ತಪ್ಪುತ್ತದೆ ಎಂಬುದು ಬಾಡಿಗೂ ಲೆನ್ಸಿಗೂ ಬೇರೆ. ಒಂದೇ ಬಿಳಿ ಗೋಡೆಯನ್ನು ಎಫ್/2, 4, 8ರಲ್ಲಿ ತೆಗೆದು ಹಿಸ್ಟೊಗ್ರಾಂ ಹೋಲಿಸಿದರೆ ನಿಮ್ಮ ಜೋಡಿಗೆ ಎಷ್ಟು ಕಾಂಪೆನ್ಸೇಷನ್ (ಬೆಳಕಿನ ತಿದ್ದುಪಡಿ) ಬೇಕೆಂದು ತಿಳಿಯುತ್ತದೆ. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲೇ ನೋಡಿ ತೆಗೆಯುವಾಗ) ಸೆನ್ಸರೇ ಅಳೆಯುವುದರಿಂದ ಈ ತಪ್ಪು ಬಹಳ ಕಡಿಮೆ.

ಫುಲ್ ಫ್ರೇಮ್, ಅಂದರೆ ಸೆನ್ಸರ್ ಹಳೆ ಫಿಲ್ಮಿನಷ್ಟೇ ದೊಡ್ಡದಿರುವ ಇಒಎಸ್‌ನಲ್ಲಿ ಕನ್ನಡಿ ದೊಡ್ಡದು. ಹಿಂಗಾಜು ಒಳಕ್ಕೆ ಚಾಚಿಕೊಂಡಿರುವ ಲೆನ್ಸು ಇನ್ಫಿನಿಟಿಯಲ್ಲಿ ಅದಕ್ಕೆ ತಾಗಬಹುದು. 5ಡಿ ಮತ್ತು ಹೀಲಿಯೋಸ್ 44-2 ಜೋಡಿಯಲ್ಲಿ ಇದು ಹೆಸರಾದ ತೊಂದರೆ. ಪೆಂಟ್ಯಾಕ್ಸ್ ಕೆ ಲೆನ್ಸುಗಳ ಹಿಂದಿರುವ ಅಪರ್ಚರ್ ಸನ್ನೆಕೋಲು ಮತ್ತು ಅದರ ರಕ್ಷಣೆಯ ಲೋಹದ ತುಂಡೂ ತಾಗುತ್ತದೆ. ಹೊಸ ಲೆನ್ಸ್ ಪರೀಕ್ಷಿಸುವಾಗ ಫೋಕಸನ್ನು ಅತಿ ಹತ್ತಿರಕ್ಕೆ ಇಟ್ಟು ಒಂದು ತೆಗೆಯಿರಿ. ಆಮೇಲೆ 2 ಮೀಟರ್, 5 ಮೀಟರ್, ಕೊನೆಗೆ ಇನ್ಫಿನಿಟಿ. ಕನ್ನಡಿ ಸಿಕ್ಕಿಕೊಂಡು ಎರರ್ ಸಂದೇಶ ಬಂದರೆ ಗಾಬರಿಯಾಗಿ ಲೆನ್ಸ್ ಕೀಳಬೇಡಿ. ಮೊದಲು ಬಾಡಿ ಆಫ್ ಮಾಡಿ, ಫೋಕಸ್ ರಿಂಗನ್ನು ಹತ್ತಿರದ ಕಡೆಗೆ ತಿರುಗಿಸಿ, ಕನ್ನಡಿ ತಾನೇ ಕೆಳಗಿಳಿಯುತ್ತದೆ. ಕ್ರಾಪ್ ಸೆನ್ಸರಿನ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರಿನ ಇಒಎಸ್‌ನಲ್ಲಿ ಕನ್ನಡಿ ಚಿಕ್ಕದಾದ್ದರಿಂದ ಈ ಭಯ ಬಹುಮಟ್ಟಿಗೆ ಇಲ್ಲ.

ಕ್ಯಾನನ್ನಿನಲ್ಲಿ ನಮ್ಮ ಆಯ್ಕೆ 2012ರ 6ಡಿ. 20 ಮೆಗಾಪಿಕ್ಸೆಲ್, ಕತ್ತಲಲ್ಲಿ ಗಟ್ಟಿ, ವ್ಯೂಫೈಂಡರಿನ ಚಿತ್ರ ಮೂಡುವ ಫೋಕಸಿಂಗ್ ಸ್ಕ್ರೀನನ್ನು ನೀವೇ ಬದಲಿಸಬಹುದು. ಅದಕ್ಕಿಂತ ಅಗ್ಗಕ್ಕೆ 5ಡಿ ಮಾರ್ಕ್ 2. 2005ರ ಮೊದಲ 5ಡಿಯ ಬಣ್ಣ ಇಂದಿಗೂ ಸೊಗಸು, ಆದರೆ ಲೈವ್ ವ್ಯೂ ಇಲ್ಲ, ಜೊತೆಗೆ ಕನ್ನಡಿಯ ಅಂಟು ಬಿಟ್ಟು ಕಳಚುವ ದೋಷವೂ ಆ ಮಾಡೆಲಿಗಿದೆ. ಕೊಳ್ಳುವ ಮುಂಚೆ ಆ ದುರಸ್ತಿ ಆಗಿದೆಯೇ ಎಂದು ಕೇಳಿ. 3000ಡಿ ಬೇಡ. ಅದರ ಮೌಂಟ್ ಪ್ಲಾಸ್ಟಿಕ್ಕಿನದು, ಪೂರ್ತಿ ಲೋಹದ 135 ಎಂಎಂ ಲೆನ್ಸಿನ ಭಾರ ಹೊರಲು ಅದು ಆದದ್ದಲ್ಲ.

ಫೋಕಸ್ ಆದಾಗ ಬೀಪ್ ಬರಬೇಕೆಂದರೆ ಚಿಪ್ ಇರುವ ಅಡಾಪ್ಟರ್ ಬೇಕು. ಅಗ್ಗದ ಚಿಪ್ಪು ಕೆಲವೊಮ್ಮೆ ಒಂದೆರಡು ಸೆಂಟಿಮೀಟರ್ ಹಿಂದೆಯೋ ಮುಂದೆಯೋ ಹಸಿರು ತೋರಿಸಿಬಿಡುತ್ತದೆ. ಅಂಟು ಸರಿಯಿಲ್ಲದೆ ಕಳಚಿ ಬಾಡಿಯೊಳಗೆ ಬೀಳುವುದೂ ಉಂಟು. ನಿಧಾನದ ಕೆಲಸಕ್ಕೆ ಚಿಪ್ಪಿಲ್ಲದ ಹಿತ್ತಾಳೆ ಅಡಾಪ್ಟರ್ ಹಾಕಿ ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ನೋಡುವುದೇ ನಂಬಿಕೆಯ ದಾರಿ. 6ಡಿ, 5ಡಿ ಮಾರ್ಕ್ 2 ಬಾಡಿಗಳಿಗೆ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಉಚಿತ ತಂತ್ರಾಂಶವನ್ನು ಕಾರ್ಡಿನಿಂದ ಓಡಿಸಿದರೆ ಫೋಕಸ್ ಆದ ಅಂಚುಗಳು ಬಣ್ಣದಲ್ಲಿ ಮಿನುಗುತ್ತವೆ.

ಪೆಂಟ್ಯಾಕ್ಸ್: ಬೇಲೂರಿನ ಕತ್ತಲಿಗೆ

ಬೇಲೂರಿನ ಚೆನ್ನಕೇಶವ ಗುಡಿಯ ನವರಂಗದಲ್ಲಿ ಹಗಲು ಹನ್ನೆರಡಕ್ಕೂ ಬೆಳಕು ಜಾಲಂಧ್ರದ ಕಿಂಡಿಗಳಿಂದ ಸೋಸಿ ಬರುವಷ್ಟೇ. ಕಡೆತದ ಕಂಬಗಳ ಮೈಮೇಲೆ ತೆಳ್ಳಗೆ ಒಂದು ಹೊಳಪು, ಮೇಲೆ ಭುವನೇಶ್ವರಿ ಎಂಬ ಒಳಛಾವಣಿಯ ಕೆತ್ತನೆ ಪೂರ್ತಿ ನೆರಳಲ್ಲಿ. ಐಎಸ್‌ಒ 1600, ಎಫ್/2.8 ಇಟ್ಟರೂ ಷಟರ್ 1/15ಕ್ಕೋ 1/8ಕ್ಕೋ ಇಳಿಯುವುದು ಸಾಮಾನ್ಯ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕಲು ಮುಂಚಿತ ಅನುಮತಿ ಬೇಕು. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಯ ಒಳಾಂಗಣವೇ ನಿಮ್ಮ ಮುಖ್ಯ ವಿಷಯವಾದರೆ ಕೈ ನಡುಕವನ್ನು ತಡೆಯುವ ವ್ಯವಸ್ಥೆ ಬಾಡಿಯಲ್ಲೇ ಇರಬೇಕು. ನಿಕಾನ್, ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಅದು ಲೆನ್ಸಿನಲ್ಲಿರುತ್ತದೆ, ಹಳೆ ಲೆನ್ಸಿಗೆ ದಕ್ಕುವುದಿಲ್ಲ. ಪೆಂಟ್ಯಾಕ್ಸಿನಲ್ಲಿ ಸೆನ್ಸರೇ ಅಲುಗಾಡಿ ನಡುಕವನ್ನು ಸರಿದೂಗಿಸುತ್ತದೆ. ಐವತ್ತು ವರ್ಷ ಹಳೆಯ ಲೆನ್ಸಿಗೂ ಅದರ ಲಾಭವಿದೆ.

ಬಾಡಿ ಆನ್ ಮಾಡಿದ ಕೂಡಲೇ ಫೋಕಲ್ ಉದ್ದ ಕೇಳುತ್ತದೆ. ಲೆನ್ಸಿನ ಮೇಲೆ ಬರೆದ ಅಂಕಿಯನ್ನೇ ಕೊಡಿ. 50 ಎಂಎಂಗೆ 50, ಕ್ರಾಪ್ ಲೆಕ್ಕ ಹಾಕಿ 75 ಎಂದಲ್ಲ. ಹಿಂದಿನ ಲೆನ್ಸಿನ 135 ಹಾಗೇ ಉಳಿದರೆ ಸೆನ್ಸರ್ ಅಗತ್ಯಕ್ಕಿಂತ ಹೆಚ್ಚು ಅಲುಗಾಡಿ ಚಿತ್ರ ಇನ್ನಷ್ಟು ಕೆಡುತ್ತದೆ. 50 ಎಂಎಂ ಲೆನ್ಸನ್ನು ಕ್ರಾಪ್ ಬಾಡಿಯಲ್ಲಿ ಬರಿಗೈಯಲ್ಲಿ 1/80ಕ್ಕಿಂತ ಕೆಳಗೆ ಹಿಡಿಯುವುದು ಕಷ್ಟ. ಈ ವ್ಯವಸ್ಥೆ ಇದ್ದರೆ, ಕಂಬಕ್ಕೆ ಒರಗದೆ, ಮೊಣಕೈ ಎದೆಗೊತ್ತಿ ನಿಂತು 1/15ರಲ್ಲೂ ಚೂಪಾದ ಚಿತ್ರ ನಿರೀಕ್ಷಿಸಬಹುದು.

ಮೀಟರಿನ ವಿಧಾನ ಬೇರೆ. ಕಸ್ಟಮ್ ಮೆನುವಿನಲ್ಲಿ ಅಪರ್ಚರ್ ರಿಂಗ್ ಬಳಕೆಗೆ ಅನುಮತಿ ಕೊಡಬೇಕು. ಕೊಡದಿದ್ದರೆ ಷಟರ್ ಬಿಡುವುದಿಲ್ಲ, ಬಾಡಿ ಕೆಟ್ಟಿದೆ ಎಂದು ತಪ್ಪು ತಿಳಿಯುವುದು ಇಲ್ಲೇ. ಆಮೇಲೆ ಎಂ ಮೋಡ್, ರಿಂಗ್ ಎಫ್/5.6ಕ್ಕೆ, ಹಸಿರು ಗುಂಡಿ ಒತ್ತಿ. ಲೆನ್ಸು ಕ್ಷಣಕಾಲ ಮುಚ್ಚಿ ತೆರೆಯುತ್ತದೆ, ಷಟರ್ ವೇಗ ತಾನೇ ಕೂರುತ್ತದೆ, ನೀವು ತೆಗೆಯಿರಿ. ವ್ಯೂಫೈಂಡರ್ ಕತ್ತಲಾಗುವುದಿಲ್ಲ. ಬೆಳಕು ಬದಲಾದಾಗಲೆಲ್ಲ ಹಸಿರು ಗುಂಡಿ ಮತ್ತೆ ಒತ್ತಬೇಕು. 1983ರಿಂದ ಬಂದ ಪೆಂಟ್ಯಾಕ್ಸ್-ಎ ಲೆನ್ಸಾದರೆ ರಿಂಗನ್ನು ಎ ಗುರುತಿಗೆ ತಿರುಗಿಸಿಬಿಟ್ಟರೆ ಹೊಸ ಲೆನ್ಸಿನಂತೆಯೇ ನಡೆಯುತ್ತದೆ.

ಎಂ42ಕ್ಕೂ ಕೆ ಮೌಂಟಿಗೂ ದೂರ ಒಂದೇ. ಹಾಗಾಗಿ ಮೌಂಟಿನ ಒಳಗೇ ಮುಳುಗಿ ಕೂರುವ ತೆಳು ಉಂಗುರ ಬೇಕು, ಪೆಂಟ್ಯಾಕ್ಸ್ ಕಂಪನಿಯದೇ ಅಂಥದ್ದು. ಹೊರಗೆ ಅಂಚು ಚಾಚಿಕೊಂಡ ಅಗ್ಗದ ಉಂಗುರ ಒಂದು ಮಿಲಿಮೀಟರ್ ಸೇರಿಸುತ್ತದೆ. ಅಲ್ಲಿಗೆ ಮೇಲಿನ ಮೂರೂಕಾಲು ಮೀಟರಿನ ಕಥೆಯೇ ಮತ್ತೆ. ಆದರೆ ಮುಳುಗುವ ಉಂಗುರ ಲೆನ್ಸಿನ ಹಿಂದಿನ, ಅಪರ್ಚರ್ ಮುಚ್ಚಿಸುವ ಆಟೋ ಪಿನ್ನನ್ನು ಒತ್ತುವುದಿಲ್ಲ. ಲೆನ್ಸಿನ ಮೇಲಿನ ಎ-ಎಂ ಸ್ವಿಚ್ಚನ್ನು ಎಂಗೆ ಇಡದಿದ್ದರೆ ಅಪರ್ಚರ್ ಎಷ್ಟಕ್ಕೆ ತಿರುಗಿಸಿದರೂ ತೆರೆದೇ ಇರುತ್ತದೆ. ಹೀಲಿಯೋಸ್ 44-2ರಲ್ಲಿ ಪಿನ್ನೇ ಇಲ್ಲ, ಎರಡು ಉಂಗುರದ ಪ್ರೀಸೆಟ್ ವಿಧಾನ, ಆ ತಾಪತ್ರಯವೂ ಇಲ್ಲ. ಎಂ42 ಲೆನ್ಸಿಗೆ ಎವಿ ಮೋಡ್ ನೇರವಾಗಿ ನಡೆಯುತ್ತದೆ.

ಕಾಫಿ ಹೂ ತೆಗೆಯುವವರಿಗೆ ಪೆಂಟ್ಯಾಕ್ಸಿನ ಇನ್ನೊಂದು ಸೌಲಭ್ಯ ಬಲು ಉಪಯೋಗಿ: ಕ್ಯಾಚ್-ಇನ್ ಫೋಕಸ್. ಮೆನುವಿನಲ್ಲಿ ಅದನ್ನು ಆನ್ ಮಾಡಿ, ಬಾಡಿಯ ಸ್ವಿಚ್ ಎಎಫ್‌ನಲ್ಲಿಟ್ಟು, ಷಟರ್ ಗುಂಡಿಯನ್ನು ಪೂರ್ತಿ ಒತ್ತಿ ಹಿಡಿಯಿರಿ. ಹೂವು ಫೋಕಸಿಗೆ ಬಂದ ಕ್ಷಣ ಬಾಡಿ ತಾನೇ ತೆಗೆಯುತ್ತದೆ. ಹೂಮಳೆ ಬಿದ್ದ ಮೇಲೆ ತೋಟ ಬೆಳ್ಳಗಾಗಿರುವುದು ಕೆಲವೇ ದಿನ. ಗಾಳಿಗೆ ರೆಂಬೆ ತೂಗುವಾಗ ಮೈಯನ್ನು ಸ್ವಲ್ಪ ಹಿಂದೆ ಮುಂದೆ ಆಡಿಸುತ್ತ ನಿಂತರೆ ಸಾಕು.

ಬಾಡಿಗಳಲ್ಲಿ ಕೆ-5, ಕೆ-3 ಒಳ್ಳೆಯವು, ಹಣವಿದ್ದರೆ 2016ರ ಫುಲ್ ಫ್ರೇಮ್ ಕೆ-1. ಕೆ-30, ಕೆ-50ಗಳಲ್ಲಿ ಅಪರ್ಚರ್ ನಡೆಸುವ ಸೊಲೆನಾಯ್ಡ್ ಸೋತು ಚಿತ್ರಗಳು ಕಪ್ಪಾಗುವ ರೋಗವಿದೆ. ಕೊಳ್ಳುವಾಗ ಕೆ ಲೆನ್ಸ್ ಹಾಕಿ ಎಫ್/4, ಎಫ್/5.6ರಲ್ಲಿ ಹತ್ತು ಚಿತ್ರ ತೆಗೆದು ನೋಡಿ, ಒಂದಾದರೂ ಕಪ್ಪಾದರೆ ಬಿಡಿ. ಎಂ42 ಲೆನ್ಸ್ ಮಾತ್ರ ಬಳಸುವವರಿಗೆ ಆ ರೋಗ ತಟ್ಟುವುದಿಲ್ಲ, ಅಲ್ಲಿ ಬಾಡಿ ಅಪರ್ಚರನ್ನು ಮುಟ್ಟುವುದೇ ಇಲ್ಲ. ಇನ್ನು, ಪಿ ಗುರುತಿರುವ ರಿಕೋ ಲೆನ್ಸುಗಳ ಹಿಂದೆ ಹೆಚ್ಚುವರಿ ಪಿನ್ ಇರುತ್ತದೆ. ಅದು ಬಾಡಿಯ ತೂತಿಗೆ ಇಳಿದು ಲೆನ್ಸ್ ಮತ್ತೆ ಬಿಚ್ಚದಂತೆ ಕಚ್ಚಿಕೊಳ್ಳಬಹುದು. ಪಿನ್ ತೆಗೆಸದೆ ಹಾಕಬೇಡಿ.

ನಮ್ಮ ಕಡೆ ಪೆಂಟ್ಯಾಕ್ಸ್ ಬಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವುದು ಕಡಿಮೆ, ಬಿಡಿಭಾಗ ಇನ್ನೂ ಕಡಿಮೆ. ಇದೊಂದು ನಿಜವಾದ ಕಷ್ಟ. ಆದರೂ ಕೈಯಲ್ಲಿ ಕೆ1000ದ ಲೆನ್ಸು, ತಲೆಯಲ್ಲಿ ಹೊಯ್ಸಳ ಗುಡಿಗಳು ಇದ್ದವರು ಒಳ್ಳೆಯ ಕೆ-5 ಸಿಗುವವರೆಗೆ ಕಾಯುವುದು ಮೇಲು.

ಫುಲ್ ಫ್ರೇಮೋ ಕ್ರಾಪೋ

ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನ ಮುಂದಿನ ಅಂಗಳದಲ್ಲಿ ಹಿಂದೆ ಸರಿಯಲು ಜಾಗ ಕಡಿಮೆ. 28 ಎಂಎಂ ಹಳೆ ಲೆನ್ಸು ಕ್ರಾಪ್ ನಿಕಾನ್, ಪೆಂಟ್ಯಾಕ್ಸಿನಲ್ಲಿ 42ರಂತೆ, ಕ್ರಾಪ್ ಕ್ಯಾನನ್ನಿನಲ್ಲಿ 45ರಂತೆ ಕಾಣುತ್ತದೆ. ಅಗಲ ಎಂಬುದು ಹೊರಟೇಹೋಗುತ್ತದೆ. ಕಟ್ಟಡ, ಒಳಾಂಗಣ, ಹೇಮಾವತಿ ಹಿನ್ನೀರಿನ ನಡುವಿನ ಶೆಟ್ಟಿಹಳ್ಳಿ ಚರ್ಚು ಇಂಥವಕ್ಕೆ ಫುಲ್ ಫ್ರೇಮ್ ಬೇಕು, ಹಳೆಯ ಕಾಲದ ಅಗಲ ಲೆನ್ಸು ಅಗ್ಗಕ್ಕೆ ಸಿಗುವುದು 28ಕ್ಕೇ ನಿಲ್ಲುವುದರಿಂದ. ಬೇಲೂರಿನ ಹೊರಗೋಡೆಯ ಸೂರಿನ ಕೆಳಗಿನ ಮದನಿಕೆಯರಿಗಾದರೆ ಕ್ರಾಪೇ ಲಾಭ. 135 ಎಂಎಂ ಲೆನ್ಸು 200ರಷ್ಟು ಹತ್ತಿರ ತರುತ್ತದೆ, ಹಳೆ ಲೆನ್ಸಿನ ಮಸುಕಾದ ಮೂಲೆಗಳೂ ಕತ್ತರಿಸಿ ಹೋಗುತ್ತವೆ.

ಕ್ರಾಪ್ ಬಾಡಿಯ ನಿಜವಾದ ತೊಡಕು ವ್ಯೂಫೈಂಡರ್. ಕಂಪನಿ ಕೊಡುವ ಹಿಗ್ಗುವಿಕೆಯ ಅಂಕಿಯನ್ನು ಹಾಗೇ ಹೋಲಿಸಬೇಡಿ, ಕ್ರಾಪ್ ಅಂಕಿಯಿಂದ (ನಿಕಾನ್, ಪೆಂಟ್ಯಾಕ್ಸಿಗೆ 1.5, ಕ್ಯಾನನ್ನಿಗೆ 1.6) ಭಾಗಿಸಿ. ಡಿ7000ದ 0.95 ಭಾಗಿಸಿದರೆ 0.63. ಡಿ3200ರ 0.8 ಆಗುವುದು 0.53, ಅದೂ ಕನ್ನಡಿಯ ಪೆಂಟಾಮಿರರ್, ಮಂಕು. 6ಡಿಯದು 0.71. ಕೈಯಲ್ಲೇ ಫೋಕಸ್ ಮಾಡುವವರಿಗೆ 0.53ಕ್ಕೂ 0.71ಕ್ಕೂ ಕಿಟಕಿಗೂ ಬಾಗಿಲಿಗೂ ಇರುವ ವ್ಯತ್ಯಾಸ.

ದೊಡ್ಡ ವ್ಯೂಫೈಂಡರ್ ಇದ್ದರೂ ಒಂದು ಮೋಸ ಉಳಿಯುತ್ತದೆ. ಆಟೋಫೋಕಸ್ ಕಾಲದ ಸ್ಕ್ರೀನುಗಳನ್ನು ನಿಧಾನದ ಜೂಮ್ ಲೆನ್ಸಿನಲ್ಲೂ ಬೆಳಗಿ ಕಾಣುವಂತೆ ಮಾಡಿದ್ದಾರೆ. ಅವು ಸುಮಾರು ಎಫ್/2.8ರ ಆಳವನ್ನಷ್ಟೇ ತೋರಿಸುತ್ತವೆ. 50 ಎಂಎಂ ಎಫ್/1.4 ಲೆನ್ಸಿನಲ್ಲಿ ಒಂದು ಮೀಟರ್ ದೂರದ ಮುಖಕ್ಕೆ ಸ್ಪಷ್ಟವಾಗಿರುವ ಆಳ ಫುಲ್ ಫ್ರೇಮಿನಲ್ಲಿ 3 ಸೆಂಟಿಮೀಟರ್ ಚಿಲ್ಲರೆ. ಸ್ಕ್ರೀನ್ ತೋರಿಸುವುದು 6ಕ್ಕೂ ಹೆಚ್ಚು. ಕಣ್ಣಿಗೆ ಸರಿ ಕಂಡದ್ದು ಚಿತ್ರದಲ್ಲಿ ರೆಪ್ಪೆ ಬಿಟ್ಟು ಕಿವಿಗೆ ಬಿದ್ದಿರುತ್ತದೆ. ಪರಿಹಾರ, ನಿಖರ ಸ್ಕ್ರೀನ್. 6ಡಿಗೆ ಇಜಿ-ಎಸ್, ಮೊದಲ 5ಡಿಗೆ ಇಇ-ಎಸ್, 40ಡಿ, 50ಡಿ, 60ಡಿಗೆ ಇಎಫ್-ಎಸ್. ಹಾಕಿದ ಮೇಲೆ ಕಸ್ಟಮ್ ಫಂಕ್ಷನ್ನಿನಲ್ಲಿ ಆ ಸ್ಕ್ರೀನಿನ ಹೆಸರು ಆರಿಸದಿದ್ದರೆ ಮೀಟರ್ ತಪ್ಪುತ್ತದೆ. ಸ್ಕ್ರೀನಿನ ಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಬಟ್ಟೆಯಿಂದ ಒರೆಸಬೇಡಿ, ಗೆರೆ ಬಿದ್ದರೆ ಹೋಗುವುದಿಲ್ಲ. ಫಿಲ್ಮ್ ಕ್ಯಾಮೆರಾದಂತೆ ನಡುವೆ ಒಡೆದ ಚಿತ್ರ ತೋರಿಸುವ ಸ್ಪ್ಲಿಟ್ ಸ್ಕ್ರೀನ್ ಎಫ್/4ಕ್ಕಿಂತ ನಿಧಾನದ ಲೆನ್ಸಿನಲ್ಲಿ ಅರ್ಧ ಕಪ್ಪಾಗತೊಡಗುತ್ತದೆ. 35-70 ಜೂಮ್ ಇದ್ದವರಿಗೆ ಅದು ಬೇಡ.

ಕೊಳ್ಳುವ ದಿನ

ಬಾಡಿಯ ಷಟರ್ ಎಣಿಕೆ ಕೇಳಿ. ಕಂಪನಿಗಳು ಹೇಳುವ ಆಯುಷ್ಯ 6ಡಿ, ಕೆ-5ಕ್ಕೆ 1 ಲಕ್ಷ, ಡಿ7000, ಡಿ700, 5ಡಿ ಮಾರ್ಕ್ 2ಕ್ಕೆ 1.5 ಲಕ್ಷ. ನಿಕಾನ್ ಆದರೆ ಎಐ ಉಂಗುರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಡಿ, ತಡೆಯಿಲ್ಲದೆ ಹಿಂದಕ್ಕೆ ಚಿಮ್ಮಬೇಕು. ನಿಮ್ಮ ಲೆನ್ಸನ್ನೇ ಕೊಂಡೊಯ್ದು ಹಾಕಿ ನೋಡದೆ ಹಣ ಕೊಡಬೇಡಿ.

ಲೆನ್ಸಿನ ಸ್ಥಿತಿಯೂ ಬಾಡಿಯ ಆಯ್ಕೆಯನ್ನು ಬದಲಿಸುತ್ತದೆ, ಇದು ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ. ಅಪರ್ಚರ್ ಎಲೆಗಳ ಮೇಲೆ ಗ್ರೀಸಿನ ಎಣ್ಣೆ ಹರಡಿದ್ದರೆ ಅವು ನಿಧಾನಕ್ಕೆ ಮುಚ್ಚುತ್ತವೆ. ಗುಂಡಿ ಒತ್ತಿದ ಮೇಲೆ ಮುಚ್ಚಬೇಕಾದ ನಿಕಾನ್, ಪೆಂಟ್ಯಾಕ್ಸ್ ಬಾಡಿಯಲ್ಲಿ ಎಲೆ ಮುಚ್ಚುವ ಮೊದಲೇ ಷಟರ್ ತೆರೆದು ಚಿತ್ರ ಬೆಳ್ಳಗಾಗುತ್ತದೆ. ಅದೇ ಲೆನ್ಸು ಅಡಾಪ್ಟರಿನಲ್ಲಿ ಕ್ಯಾನನ್ನಿಗೆ ಹೋದರೆ ಮುಂಚೆಯೇ ಮುಚ್ಚಿರುವುದರಿಂದ ಏನೂ ಆಗುವುದಿಲ್ಲ. ಪರೀಕ್ಷೆಗೆ ಲೆನ್ಸಿನ ಹಿಂದಿನ ಸನ್ನೆಕೋಲನ್ನು ಎಳೆದು ಬಿಡಿ, ಎಲೆಗಳು ಟಪ್ಪನೆ ಮುಚ್ಚಬೇಕು.

ಆಮೇಲೆ ಬೂಷ್ಟು. ಅಪರ್ಚರ್ ಪೂರ್ತಿ ತೆರೆದು, ಮುಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಹಿಂದಿನಿಂದ ನೋಡಿ. ಜೇಡರ ಬಲೆಯಂಥ ಕವಲು ಗೆರೆಗಳಿದ್ದರೆ ಅದು ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಕೇಡಿಲ್ಲ, ಬಿಚ್ಚಿ ತೊಳೆಸಬಹುದು. ನಡುಗಾಜಿನಲ್ಲಿ ಹರಡಿ ಲೇಪನವನ್ನು ತಿಂದಿದ್ದರೆ ತೊಳೆದ ಮೇಲೂ ಕಲೆ ಉಳಿದು, ಎದುರು ಬಿಸಿಲಿನಲ್ಲಿ ಚಿತ್ರ ಹಾಲು ಚೆಲ್ಲಿದಂತಾಗುತ್ತದೆ.

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಲೆನ್ಸನ್ನು ಬಟ್ಟೆ ಬೀರುವಿನಲ್ಲಿಡುವುದು ಬೂಷ್ಟಿಗೆ ಕರೆದು ಊಟ ಹಾಕಿದಂತೆ. ಕೂಡಲೇ ಕಿತ್ತು ಹೊರಗಿಡಬೇಕಾದ್ದು ಮೂಲ ಚರ್ಮದ ಚೀಲ. ತೇವ ಹೀರುವುದೂ ಬೂಷ್ಟು ಹುಟ್ಟುವುದೂ ಅಲ್ಲೇ. ಅಕ್ಕಿ ಡಬ್ಬಿಯೂ ಬೇಡ, ಅದರ ಪುಡಿ ಫೋಕಸ್ ರಿಂಗಿನ ಸಂದಿಗೆ ಸೇರುತ್ತದೆ. ರಬ್ಬರ್ ಪಟ್ಟಿಯ ಗಾಳಿಯಾಡದ 10 ಲೀಟರ್ ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. 55 ದಾಟಿದರೆ ಜೆಲ್ಲನ್ನು ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಹಾಕಿ. ಬೆಟ್ಟದ ತಣ್ಣನೆ ಗಾಳಿಯಿಂದ ಬೆಚ್ಚನೆಯ ಮನೆಗೆ ಬಂದಾಗ ಚೀಲದ ಜಿಪ್ಪು ತೆರೆಯದೆ ಅರ್ಧ ಗಂಟೆ ಹಾಗೇ ಇಡಿ. ಇಲ್ಲದಿದ್ದರೆ ಗಾಜಿನ ಮೇಲೆ ಕೂತ ಹನಿ ಡಬ್ಬಿಯೊಳಕ್ಕೂ ಹೋಗುತ್ತದೆ.